ಒಂಬತ್ತನೇ ಬಾಲ

ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಎಪ್ಪತ್ತರ ದಶಕದ ಮಾತು. ಬೇಸಿಗೆ ರಜೆ ಬಂತೆಂದರೆ ನಮ್ಮ ಬೀದಿಯ ಮಕ್ಕಳೆಲ್ಲ ಮಾವಿನಕಾಯಿಗೆ ಕಲ್ಲು ಹೊಡೆಯಲು ಹೋದರೆ, ನಾನೂ ನನ್ನ ಗೆಳತಿ ಶೀಲಳೂ ರೋಸಿ ಆಂಟಿಯ ನಾಯಿ ಶೆಡ್ಡಿಗೆ ಓಡುತ್ತಿದ್ದೆವು.

ಆಂಟಿ ದಂಡಿನ ಕಡೆಯವರು, ಅಂದರೆ ಇಂಗ್ಲಿಷೇ ಮನೆಮಾತಾಗಿದ್ದ ಕಂಟೋನ್ಮೆಂಟಿನವರು, ರಿಟೈರ್ಡ್ ನರ್ಸ್. ಅವರ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಶೀಟಿನ ಶೆಡ್ಡು. ಕಾಲು ಮುರಿದವು, ಕಜ್ಜಿ ಹತ್ತಿದವು, ಸಾಕಿದವರಿಗೇ ಬೇಡವಾದವು, ಎಲ್ಲ ಅಲ್ಲಿಗೆ ಬಂದು ಸೇರುತ್ತಿದ್ದವು. ಆಗೆಲ್ಲ ನಾಯಿ ಹಿಡಿಯುವ ವ್ಯಾನಿನಲ್ಲಿ ಹೋದ ನಾಯಿ ತಿರುಗಿ ಬರುತ್ತಿರಲಿಲ್ಲ. "ನನ್ ಮಕ್ಳು ಒಳ್ಳೇ ಮನೇಗ್ ಹೋಗ್ಬೇಕು, ಇಲ್ಲಾಂದ್ರೆ ಮುದುಕರಾಗಿ ಇಲ್ಲೇ ಮಲಗ್ಬೇಕು. ಆ ವ್ಯಾನ್? ಓವರ್ ಮೈ ಡೆಡ್ ಬಾಡಿ!" ಎನ್ನುತ್ತಿದ್ದರು ಆಂಟಿ.

ಬೆಳಿಗ್ಗೆ ಮಟನ್ ಅಂಗಡಿಯವನು ಕೊಟ್ಟ ಮೂಳೆ ಹಾಕಿ ದೊಡ್ಡ ಡಬರಿಯಲ್ಲಿ ರಾಗಿಗಂಜಿ ಕುದಿಯುತ್ತಿತ್ತು. ಆ ಘಮಕ್ಕೆ ಫಿನಾಯಿಲ್ ವಾಸನೆಯೂ, ಕಜ್ಜಿಗೆ ಹಚ್ಚುವ ಬೇವಿನೆಣ್ಣೆ ಅರಿಶಿನದ ವಾಸನೆಯೂ ಬೆರೆತು ನಮ್ಮ ಲಂಗಕ್ಕೆ ಅಂಟಿಕೊಳ್ಳುತ್ತಿತ್ತು. ಮನೆಗೆ ಹೋದರೆ ಅಮ್ಮ, "ಬಟ್ಟೆ ಬಚ್ಚಲಲ್ಲೇ ಬಿಚ್ಚಿ ಒಳಗ್ ಬಾ. ನಾಯಿಗಿಂತ ನೀನೇ ನಾರ್ತಿದೀಯ!" ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು.

ಶೆಡ್ಡಿನಲ್ಲಿ ನನ್ನ ಪ್ರಾಣ ಎಂದರೆ ಕ್ಯಾಪ್ಟನ್. ಕಂದು ಬಣ್ಣ, ಅರ್ಧ ಹರಿದ ಕಿವಿ, ಪೆರೇಡಿನ ನಡಿಗೆ. ನಾವು ಕುಂಟೆಬಿಲ್ಲೆಗೆ ಗೆರೆ ಎಳೆದರೆ ಸಾಕು, ಬಂದು ನಟ್ಟನಡುವಿನ ಮನೆಯಲ್ಲೇ ಮಲಗುತ್ತಿದ್ದ. ಕಾನ್ವೆಂಟಿನಲ್ಲಿ ನಾನು ಬಾಯಿ ತೆರೆದರೆ ದಂಡಿನ ಹುಡುಗಿಯರು ಕಿಸಕ್ಕೆನ್ನುತ್ತಿದ್ದರು. ಆಂಟಿ ನಾಯಿಗಳೊಡನೆ ಆಡುತ್ತಿದ್ದದ್ದು ಇಂಗ್ಲಿಷೇ; ನಮ್ಮ ಇಂಗ್ಲಿಷ್ ಕೇಳಿ ನಗದಿದ್ದವೂ ಆ ನಾಯಿಗಳು ಮಾತ್ರ. ಹಾಗಾಗಿ ನಾನೂ ಶೀಲಳೂ ದಿನವಿಡೀ ಅವುಗಳೊಡನೆ ಇಂಗ್ಲಿಷೇ ಪ್ರಾಕ್ಟೀಸ್ ಮಾಡುತ್ತಿದ್ದೆವು. "ಹ್ಯಾವ್ ಯೂ ಫಿನಿಶ್ಡ್ ಯುವರ್ ಲಂಚ್, ಕ್ಯಾಪ್ಟನ್?" ನನಗೆ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಸಲೀಸಾದದ್ದೇ ಅವನ ಎದುರಿಗೆ.

ಮನೆ ಓನರ್ ರಾಮಯ್ಯನವರದು ಒಂದೇ ಕಂಡೀಷನ್: ಶೆಡ್ಡಿನಲ್ಲಿ ಎಂಟೇ ನಾಯಿ. "ಒಂಬತ್ತನೇ ಬಾಲ ಕಂಡ್ರೆ ವ್ಯಾನ್‌ಗೆ ಹೇಳ್ ಕಳಿಸ್ತೀನಿ, ನೋಡ್ಕೊಳ್ಳಿ." ಒಂದು ಹೋದರೇ ಇನ್ನೊಂದಕ್ಕೆ ಜಾಗ.

ಬಂದವರೆಲ್ಲ ಬಿಳಿ ನಾಯಿ, ಮರಿ ನಾಯಿ ಕೇಳುತ್ತಿದ್ದರೇ ಹೊರತು ಕ್ಯಾಪ್ಟನ್‌ನನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೊನೆಗೊಂದು ದಿನ ಅಮೃತಹಳ್ಳಿಯ ಮುನಿಯಮ್ಮಜ್ಜಿ ಬಂದರು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ದ್ರಾಕ್ಷಿ ಮಾರುತ್ತಿದ್ದವರು. ತೋಟ ಕಾಯಲು ಅವರಿಗೊಂದು ನಾಯಿ ಬೇಕಿತ್ತು. "ಈ ಅರ್ದ ಕಿವೀನೆ ಕೊಡ್ರಮ್ಮ. ಮಕ ನೋಡುದ್ರೇನೆ ಕಳ್ರು ಎದುರ್ಕೋತಾರೆ," ಎಂದು ಕರೆದುಕೊಂಡು ಹೋದರು. ನಾನು ಅತ್ತೆ. ಅಂದೇ ಸಂಜೆ ಹೆಬ್ಬಾಳದ ಬಳಿ ಲಾರಿಗೆ ಸಿಕ್ಕ ಹೆಣ್ಣುನಾಯಿಯೊಂದನ್ನು ಯಾರೋ ತಂದರು. ಆಂಟಿ ಅದರ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿ ಕ್ಯಾಪ್ಟನ್ ಮಲಗುತ್ತಿದ್ದ ಗೋಣಿಯ ಮೇಲೆ ಮಲಗಿಸಿದರು. ಮತ್ತೆ ಎಂಟು.

ವಾರ ಕಳೆದಿತ್ತೋ ಇಲ್ಲವೋ, ಮುನಿಯಮ್ಮಜ್ಜಿ ಕ್ಯಾಪ್ಟನ್‌ನನ್ನು ಹಗ್ಗದಲ್ಲಿ ಹಿಡಿದು ಗೇಟಿಗೆ ಬಂದರು. "ತಕಳ್ರಮ್ಮ ನಿಮ್ ನಾಯ. ಇದು ಕಿವುಡು. ಬಾ ಅಂದ್ರೆ ಬರಾಕಿಲ್ಲ, ಓಗು ಅಂದ್ರೆ ಓಗಾಕಿಲ್ಲ. ಕೋತಿ ಬಂದ್ರೆ ಛೂ ಅಂತೀನಿ, ನನ್ ಮಕಾನೇ ನೋಡ್ತದೆ!"

ಕಾಂಪೌಂಡಿನಾಚೆಯಿಂದ ರಾಮಯ್ಯನವರ ತಲೆ ಮೇಲೆದ್ದಿತು. "ಒಂಬತ್ತಾಯ್ತಲ್ಲ ಆಂಟಿ! ಸಾಯಂಕಾಲದೊಳಗೆ ಒಂದು ಹೋಗ್ಬೇಕು. ಕಿವುಡು ನಾಯಿ ಇನ್ಯಾರಿಗ್ ಬೇಕು? ವ್ಯಾನ್‌ಗೆ ಕೊಡಿ."

ಆಂಟಿ ದಬ್ಬೆ ಕಟ್ಟಿದ ನಾಯಿಯನ್ನು ನೋಡಿದರು, ಕ್ಯಾಪ್ಟನ್‌ನನ್ನು ನೋಡಿದರು. ನನಗೆ ತಡೆಯಲಾಗಲಿಲ್ಲ. ಅಳುತ್ತಲೇ ಕೂಗಿದೆ: "ಕ್ಯಾಪ್ಟನ್, ಕಮ್ ಹಿಯರ್!"

ಅಜ್ಜಿಯ ಕೈಯಿಂದ ಹಗ್ಗ ಕಿತ್ತುಕೊಂಡು ಬಂದ. "ಸಿಟ್," ಎಂದೆ. ಕೂತ. "ಶೇಕ್ ಹ್ಯಾಂಡ್," ಎಂದಳು ಶೀಲ. ಕಾಲು ಕೊಟ್ಟ.

"ಅಜ್ಜೀ, ಇವ್ನು ಕಿವುಡಲ್ಲ!" ಶೀಲ ಕಿರುಚಿದಳು. "ಇವ್ನಿಗೆ ಕನ್ನಡ ಬರಲ್ಲ!"

"ಅಯ್ಯೋ ಇವ್ನ! ನಮ್ ಕೆರೆ ಏರಿ ಮ್ಯಾಲೆ ಉಟ್ದಂಗವ್ನೆ, ದೊರೆ ಮಗ ಆಗ್ಬುಟ್ಟವ್ನಾ?"

"ನಾವು ಕನ್ನಡ ಕಲಿಸಿಕೊಡ್ತೀವಿ ಅಜ್ಜಿ," ಎಂದೆ ನಾನು.

"ಸಾಯಂಕಾಲದೊಳಗೆ," ಎಂದರು ರಾಮಯ್ಯ.

ಮುನಿಯಮ್ಮಜ್ಜಿ ಬುಟ್ಟಿ ಇಳಿಸಿ ಒಗೆಯುವ ಕಲ್ಲಿನ ಮೇಲೆ ಕೂತರು. "ಅಂಗಾರೆ ನಂಗೇ ಏಳ್ಕೊಡ್ರವ್ವ. ನಾಯಿ ಕಲ್ತಿರೋದ್ನ ನಾ ಕಲೀಲಾರ್ನಾ?"

ಪಾಠ ಶುರುವಾಯಿತು. "ಕಮ್ ಇಯರ್," ಎಂದರು ಅಜ್ಜಿ.

"ಹಿಯರ್, ಅಜ್ಜಿ."

"ಅದ್ನೇ ಅಲ್ವಾ ನಾ ಏಳ್ತಿರೋದು? ಇಯರ್!"

ಆಂಟಿ ನಮ್ಮನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು, ಕ್ಯಾಪ್ಟನ್ ನಮ್ಮ ಕಡೆಗೆ ಬರದಿರಲೆಂದು. ನನಗೆ ಕಾಣುತ್ತಿದ್ದದ್ದು ಸುಣ್ಣದ ಗೋಡೆ ಮಾತ್ರ. ಹಿಂದಿನಿಂದ ಅಜ್ಜಿಯ ದನಿ, "ಕ್ಯಾಪ್ಟಾ, ಕಮ್ ಇಯರ್!" ಏನೂ ಇಲ್ಲ. ಇನ್ನೊಮ್ಮೆ ಕರೆದರು, ಈ ಸಲ ಮೆತ್ತಗೆ. ಆಮೇಲೆ ಒಣ ಎಲೆಗಳ ಮೇಲೆ ಉಗುರಿನ ಸದ್ದು. ತಿರುಗಿ ನೋಡಿದರೆ ಕ್ಯಾಪ್ಟನ್ ಅಜ್ಜಿಯ ಮಡಿಲಲ್ಲಿ ಮೂತಿ ಇಟ್ಟಿದ್ದ!

"ಏನ್ ಮುನಿಯಮ್ಮ, ಯಾವಾಗ್ ಬಂದೆ ಲಂಡನ್ನಿಂದ?" ಎಂದು ರೇಗಿಸಿದರು ರಾಮಯ್ಯ.

"ಈಗ್ತಾನೆ ಬಂದೆ ಕಣಪ್ಪ. ನಿಂಗೊಂದು ಮಾತ್ ಏಳ್ಲಾ? ಗೋ! ಅಂದ್ರೆ ಓಗು ಅಂತ."

ಆಂಟಿ ನಕ್ಕೂ ನಕ್ಕೂ ಕೆಮ್ಮಿದರು. ರಾಮಯ್ಯನವರೂ ನಗುತ್ತಾ ಬಾಲ ಎಣಿಸಿ ಒಳಗೆ ಹೋದರು. ತಲೆಯ ಮೇಲೆ ಬುಟ್ಟಿ, ಪಕ್ಕದಲ್ಲಿ ಪೆರೇಡ್ ಮಾಡುವ ಕ್ಯಾಪ್ಟನ್: ಅಂಥ ಮೆರವಣಿಗೆಯನ್ನು ನಾನು ಮತ್ತೆ ಕಂಡಿಲ್ಲ.

ಅಂದಿನಿಂದ ಶೆಡ್ಡಿನಲ್ಲೊಂದು ಹೊಸ ರೂಲ್ ಬಂತು. ನಾಯಿ ಬೇಕೆಂದವರು ಮೊದಲು ಆ ಕಲ್ಲಿನ ಮೇಲೆ ಕೂತು ಅದರ ಭಾಷೆ ಕಲಿಯಬೇಕು. ಹಾಲಿನವರೂ ಟೈಲರೂ ನಮ್ಮ ಸ್ಟೂಡೆಂಟ್ಸ್! ದಬ್ಬೆ ಕಟ್ಟಿದ್ದ ಹೆಣ್ಣುನಾಯಿಯೂ ಹಾಗೆಯೇ ಸಂಜಯನಗರದ ಒಂದು ಮನೆ ಸೇರಿತು.

ದಸರಾ ರಜೆಯಲ್ಲಿ ನಾವು ಅಮೃತಹಳ್ಳಿಗೆ ಹೋದೆವು. ದ್ರಾಕ್ಷಿ ಚಪ್ಪರದ ಕೆಳಗೆ ಅಜ್ಜಿ ಕ್ಯಾಪ್ಟನ್‌ಗೆ ಮುದ್ದೆ ಮುರಿದು ಹಾಕುತ್ತಿದ್ದರು. ನಾನು ಕರೆದೆ. ಓಡಿ ಬಂದು ಕೈ ನೆಕ್ಕಿದ, ಬಾಲ ಆಡಿಸಿದ, ಮತ್ತೆ ಅಜ್ಜಿಯ ಕಾಲಬುಡಕ್ಕೇ ಹೋಗಿ ಕೂತ. ಎದೆ ಒಂದಿಷ್ಟು ಚುರ್ ಎಂದರೂ ಗೆದ್ದವಳ ಹಾಗೆ ಬೀಗಿದೆ.

ಈಗ ಆಂಟಿಯಿಲ್ಲ, ಶೆಡ್ಡಿಲ್ಲ. ನಾನಿರುವ ಫ್ಲಾಟ್ ಅಮೃತಹಳ್ಳಿಯಲ್ಲೇ. ಬಹುಶಃ ಆ ಚಪ್ಪರವಿದ್ದ ಕಡೆಯೇ. ಸಂಜೆ ಕೆಳಗಿನ ಲಾನ್‌ನಲ್ಲಿ ಜಾತಿ ನಾಯಿಗಳ ಸಾಲು. ಎಲ್ಲರೂ ಅವುಗಳನ್ನು ನಮ್ಮ ಕಾನ್ವೆಂಟಿನ ಸಿಸ್ಟರ್ ಕೂಡ ಮೆಚ್ಚುವಂಥ ಇಂಗ್ಲಿಷಿನಲ್ಲಿ ಕರೆಯುತ್ತಾರೆ. ಬಾಲ್ಕನಿಯಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ. "ಕಮ್ ಇಯರ್" ಎನ್ನುವವರು ಒಬ್ಬರೂ ಇಲ್ಲ.