ಚೋಮಾನಿನ ಘಾಟಿಗೆ ಬಿಸಿಗಾಳಿ ಹತ್ತಿಸಿದ ವಸ್ತಾ

ಬೆಳಗಿನ ಆರೂವರೆ. ಚೋಮಾನ್ ಪೇಟೆಯ ಹೊರಗಿನ ಗ್ಯಾರೇಜು ಸಾಲಿನಲ್ಲಿ ಒಂದೇ ಒಂದು ಷಟರ್ ಅರ್ಧ ಎದ್ದಿದೆ. ಒಳಗೆ ಆರು ಚಕ್ರದ ಹಳೇ ಮಿಲಿಟರಿ ಟ್ರಕ್ಕೊಂದು ನಿಂತಿದೆ. ಅದರ ಕ್ಯಾಬಿನ್ನಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ. ಒಂದಕ್ಕೆ ಉಣ್ಣೆಯ ಕಾಲುಚೀಲವಿದೆ, ಇನ್ನೊಂದು ಬರಿಗಾಲು. ಆ ಕಾಲಿನ ಚೀಲ, ಬಿಸಿನೀರಿನ ಪೈಪು ತಗಡಿಗೆ ಉಜ್ಜಿ ಹರಿಯದಿರಲಿ ಅಂತ ಪೈಪಿಗೇ ಸುತ್ತಿಕೊಂಡಿದೆ.

ಆ ಕಾಲುಗಳು ಹಮದಮೀನ್ ಅವರದು. ವಯಸ್ಸು ಐವತ್ತಾರು, ಊರಿಗೆಲ್ಲ 'ವಸ್ತಾ'. ಕೈಕಸುಬು ಬಲ್ಲವರನ್ನು ಇಲ್ಲಿ ಕರೆಯುವುದೇ ಹಾಗೆ. ಈ ಕಣಿವೆಯಲ್ಲಿ ಓಡುವ ಗಾಡಿಗಳಲ್ಲಿ ಅವರ ಕೈ ತಾಗದ ಗಾಡಿ ಹುಡುಕುವುದು ಕಷ್ಟ. ಆದರೆ ಅವರ ಹೆಸರನ್ನು ಯಾವ ಬೋರ್ಡಿನ ಮೇಲೂ ಯಾರೂ ಬರೆದಿಲ್ಲ. ಗ್ಯಾರೇಜಿಗೂ ಬೋರ್ಡಿಲ್ಲ.

ಹೊರಗೆ ಟ್ರಕ್ಕಿನ ಮಾಲೀಕ ಶಮಾಲ್ ಶತಪಥ ಹಾಕುತ್ತಿದ್ದಾನೆ. ಅವನ ಹೆಂಡತಿ ಶೀಲಾನ್ ಘಾಟಿಯ ಆಚೆಯ ಕಾನಿರಶ್ ಹಳ್ಳಿಯಲ್ಲಿದ್ದಾಳೆ. ಒಂಬತ್ತು ತಿಂಗಳು ತುಂಬಿದೆ, ಹೆರಿಗೆಗೆ ಈ ಪೇಟೆಯ ಆಸ್ಪತ್ರೆಗೆ ಕರೆತರಬೇಕು. ಮೂರು ದಿನದಿಂದ ಹಿಮ ಬಿದ್ದು ಜೀಪುಗಳೆಲ್ಲ ಕೈಚೆಲ್ಲಿವೆ. ನಾಳೆ ಇನ್ನೂ ಬೀಳುತ್ತದಂತೆ. ಆ ದಾರಿ ಹತ್ತಿ ಇಳಿಯಬಲ್ಲವು ಇಂಥ ಮಿಲಿಟರಿ ಟ್ರಕ್ಕುಗಳು ಮಾತ್ರ. ಪಕ್ಕದಲ್ಲಿ ಟೈರಿನ ಮೇಲೆ ಚೀಲ ಹಿಡಿದು ಕೂತವರು ಸೂಲಗಿತ್ತಿ ಫಹೀಮ. ಎಪ್ಪತ್ತರ ಹತ್ತಿರದ ಆಕೆ ಎಲ್ಲರಿಗೂ 'ಪೂರ', ಅಂದರೆ ಅತ್ತೆ. ಅವರದೊಂದು ಹಟ.

"ಕ್ಯಾಬಿನ್ ಬೆಚ್ಚಗಾದ್ರೆ ಮಾತ್ರ ಹತ್ತೋದು. ಹೋದ ಚಳಿಗಾಲ ಇದೇ ಗಾಡೀಲಿ ಒಂದು ಕೂಸು ನನ್ನ ಕೈಯಲ್ಲೇ ನೀಲಿಗಟ್ಟಿ ಹೋಯ್ತು. ಎದೆಗವಚಿಕೊಂಡ್ರೂ ಉಳೀಲಿಲ್ಲ. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ," ಅನ್ನುತ್ತಾರೆ ಪೂರ. ಆ ದಿನ ಗಾಡಿ ಓಡಿಸಿದ್ದವನು ಶಮಾಲ್. ಅವನು ಬೇರೆ ಕಡೆ ಮುಖ ತಿರುಗಿಸುತ್ತಾನೆ.

ಈ ಟ್ರಕ್ಕುಗಳು ಹಿಮಕ್ಕೆಂದು ಬಂದವಲ್ಲ. ದಕ್ಷಿಣದ ಮರಳುಗಾಡಿನ ಯುದ್ಧಕ್ಕೆಂದು ತರಿಸಿದವು. ಮರಳುಗಾಡಿಗೆ ಹೀಟರ್ ಯಾಕೆ ಅಂತ ಯಾರೋ ಆ ಜಾಗಕ್ಕೆ ತಗಡು ಬಡಿದು ಮುಚ್ಚಿದ್ದಾರೆ. ಆಮೇಲೆ ಇವನ್ನೇ ಹತ್ತಿ ಇಲ್ಲಿಗೂ ಬಂದ ಸೈನ್ಯ ಕಾಲ್ತೆಗೆದ ಮೇಲೆ ಬೆಟ್ಟದ ಬದಿಯಲ್ಲಿ ಉಳಿದ ಗಾಡಿಗಳನ್ನು ಜನ ಎಳೆತಂದು ಸೌದೆ, ಸೀಮೆಎಣ್ಣೆ, ಗೋಧಿಹಿಟ್ಟು ಹೊರಲು ಹಚ್ಚಿದರು. ಹೊರೆ ಹೊತ್ತವು, ಒಳಗೆ ಕೂತವರು ಮಾತ್ರ ಮೂವತ್ತು ವರ್ಷದಿಂದ ನಡುಗುತ್ತಲೇ ಇದ್ದಾರೆ.

ಹಮದಮೀನ್ ಹುಟ್ಟಿದ ಹಳ್ಳಿ ಆ ಯುದ್ಧದ ಕಾಲದಲ್ಲೇ ನೆಲಸಮವಾಯಿತು. ಹನ್ನೆರಡನೇ ವಯಸ್ಸಿಗೆ ಕೆಳಗಿನ ಬಯಲುಸೀಮೆಯ ಹೆವ್ಲೇರ್ ನಗರದ ಸುಡುಬಿಸಿಲಿನಲ್ಲಿ ಸ್ಪ್ಯಾನರ್ ಹಿಡಿದವರು, ಮದುವೆಯಾದ ಮೇಲೆ ಬೆಟ್ಟಕ್ಕೆ ಮರಳಿದರು. ಈಗಲೂ ಐದಕ್ಕೆ ಏಳುತ್ತಾರೆ. ಬಿಸಿ ನಾನ್, ಮೊಸರು, ಸಕ್ಕರೆ ತುಂಡು ಕಚ್ಚಿಕೊಂಡು ಎರಡು ಲೋಟ ಚಹಾ. ದಿನಕ್ಕೆ ನಾಲ್ಕೈದು ಗಾಡಿ, ಹಿಮ ಬಿದ್ದರೆ ಹತ್ತು. ಬಲಗೈಯ ಎರಡು ಬೆರಳಿನ ತುದಿಗೆ ಸ್ಪರ್ಶವಿಲ್ಲ. "ಒಳ್ಳೇದೇ ಆಯ್ತು, ಸುಟ್ರೂ ಗೊತ್ತಾಗಲ್ಲ," ಎಂದು ನಗುತ್ತಾರೆ.

ಶಮಾಲ್‌ನ ಟ್ರಕ್ಕಿಗೆ ಹೀಟರ್ ಕಟ್ಟಲು ಅವರು ಒಂಬತ್ತು ದಿನ ಕೊಟ್ಟಿದ್ದಾರೆ. ಅಪಘಾತವಾದ ಟ್ಯಾಕ್ಸಿಯೊಂದರಿಂದ ಪುಟ್ಟ ರೇಡಿಯೇಟರ್ ಬಂತು. ಅದನ್ನು ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಎಂಜಿನ್ನಿನ ಬಿಸಿನೀರು ಒಳಗೆ ಬಂದು ಸುತ್ತಿ ಹೋಗುವ ಹಾಗೆ ಎರಡು ಪೈಪು ಎಳೆದರು. ಹಿಂದೆ ಫ್ಯಾನು. ಟ್ರಕ್ಕಿನದು ಇಪ್ಪತ್ತನಾಲ್ಕು ವೋಲ್ಟಿನ ಬ್ಯಾಟರಿ. ಹನ್ನೆರಡು ವೋಲ್ಟಿನ ಕಾರಿನ ಫ್ಯಾನುಗಳು ಎರಡು ಸುಟ್ಟು ಹೊಗೆಯಾದವು. ಕೊನೆಗೆ ಗುಜರಿಗೆ ಬಿದ್ದ ಬಸ್ಸಿನ ಫ್ಯಾನು ಕೈಹಿಡಿಯಿತು. ಗಾಜಿನ ಕಡೆ ಗಾಳಿ ಒಯ್ಯಲು ವಾಷಿಂಗ್ ಮಷೀನಿನ ಪೈಪು. ನೆಲದ ತೂತುಗಳಿಗೆಲ್ಲ ಹಳೇ ಕಂಬಳಿ ತುರುಕಿದ್ದಾಯಿತು.

ನಿನ್ನೆ ಮಧ್ಯಾಹ್ನ ಪರೀಕ್ಷೆ. ಗ್ಯಾರೇಜು ಸಾಲಿಗೆ ಸಾಲೇ ನೋಡಲು ನೆರೆದಿತ್ತು. ಫ್ಯಾನು ಭರ್ರೆಂದು ಎದ್ದಿತು, ಗಾಳಿಯೂ ಬಂತು. ಕೊರೆಯುವ ಗಾಳಿ. ಅರ್ಧ ಗಂಟೆ ಎಂಜಿನ್ ಓಡಿಸಿದರೂ ಅಷ್ಟೇ.

"ವಸ್ತಾ, ಮಿಲಿಟರಿಗೆ ಏಸಿ ಹಾಕಿಕೊಟ್ರಾ? ಜುಲೈಲಿ ನಾನೇ ತಗೋತೀನಿ ಬಿಡಿ!" ಎಂದು ಚಹಾದಂಗಡಿಯವನು ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಮಾಲ್ ನಗಲಿಲ್ಲ.

ಹಮದಮೀನ್ ಪೈಪಿನಲ್ಲಿ ಗಾಳಿ ಸಿಕ್ಕಿದೆಯೇನೋ ಅಂತ ಬಿಚ್ಚಿ ನೋಡಿದರು. ಇರಲಿಲ್ಲ. ಎಂಜಿನ್ನಿನ ನೀರಿಗೇ ಬೆರಳಿಟ್ಟರು. ಬರೀ ಉಗುರುಬೆಚ್ಚಗೆ. ಆಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ತಪ್ಪು ಯಾರದು ಅಂತ ಹುಡುಕ್ತಾ ಹುಡುಕ್ತಾ ಹೋದ್ರೆ, ಕೊನೆಗೆ ನನ್ನ ಮುಖವೇ ಸಿಕ್ತು," ಎಂದು ಈಗ ಹೇಳುತ್ತಾರೆ.

ವಿಷಯ ಇಷ್ಟೇ. ಎಂಜಿನ್ನಿನ ತಲೆಯ ಮೇಲೆ ಥರ್ಮೋಸ್ಟಾಟ್ ಎಂಬ ಹಿತ್ತಾಳೆಯ ಪುಟ್ಟ ಬಾಗಿಲಿರುತ್ತದೆ. ನೀರು ಕಾಯುವ ತನಕ ಅದು ಮುಚ್ಚಿಕೊಂಡಿದ್ದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಕೆಳನಾಡಿನ ಸೆಕೆಗೆ ಹೆದರಿ ಇಲ್ಲಿನ ಮೆಕ್ಯಾನಿಕ್‌ಗಳು ಮೊದಲು ಮಾಡುವ ಕೆಲಸವೇ ಅದನ್ನು ಕಿತ್ತು ಬಿಸಾಡುವುದು. ಬಾಗಿಲಿಲ್ಲದಿದ್ದರೆ ಎಂಜಿನ್ ಕುದಿಯುವುದಿಲ್ಲ ಅಂತ ಎಲ್ಲರ ನಂಬಿಕೆ. ಗುರು ಹೇಳಿಕೊಟ್ಟ ಈ ಕೆಲಸವನ್ನು ಹಮದಮೀನ್ ನಲವತ್ತು ವರ್ಷ ಮಾಡಿದ್ದಾರೆ. ಶಮಾಲ್‌ನ ಟ್ರಕ್ಕಿನದನ್ನು ಕಿತ್ತದ್ದೂ ಅವರೇ, ಐದು ಬೇಸಿಗೆಯ ಹಿಂದೆ, ಇದೇ ಜಾಗದಲ್ಲಿ. ಬಾಗಿಲನ್ನೇ ಕಿತ್ತ ಮನೆಯಲ್ಲಿ ಒಲೆ ಹಚ್ಚಿ ಒಂಬತ್ತು ದಿನ ಕಾಯ್ದಂತಾಗಿತ್ತು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫ್ಯಾನು ಸರಿಯಿಲ್ಲ ಅಂದರೆ ಮುಗಿಯುತ್ತಿತ್ತು. ಅವರು ನಗುತ್ತಿದ್ದ ಗುಂಪಿನ ಎದುರೇ ಎದ್ದು ನಿಂತರು. "ನಗಿ, ಇನ್ನೂ ನಗಿ. ಥರ್ಮೋಸ್ಟಾಟ್ ಕಿತ್ತವನು ನಾನೇ. ನಿಮ್ಮೆಲ್ಲರ ಗಾಡೀಲೂ ನಾನೇ ಕಿತ್ತಿರೋದು," ಎಂದರು. ನಗು ಅಲ್ಲಿಗೆ ನಿಂತಿತು.

ಕಿತ್ತವುಗಳಲ್ಲಿ ಕೆಲವು ಬೆಂಚಿನ ಕೆಳಗಿನ ಡಬ್ಬಿಯಲ್ಲಿ ಮೊಳೆಗಳ ಜೊತೆ ಬಿದ್ದಿದ್ದವು. ಈ ಟ್ರಕ್ಕಿನ ಅಳತೆಯವು ಹದಿನಾಲ್ಕು. ಮನೆಗೆ ಒಯ್ದು ಒಂದೊಂದನ್ನೇ ದೊಡ್ಡ ಚಹಾಪಾತ್ರೆಯಲ್ಲಿ ಕುದಿಸಿದರು. ಬಿಸಿಗೆ ಬಾಯಿ ತೆರೆದರೆ ಜೀವಂತ, ಇಲ್ಲದಿದ್ದರೆ ಗುಜರಿ. ಹೆಂಡತಿ ಗಲಾವೇಜ್ ಸೊಂಟಕ್ಕೆ ಕೈಯಿಟ್ಟು ನೋಡಿದರು. "ಇವತ್ತು ಹಿತ್ತಾಳೆ ಸಾರಾ? ನಾಳೆಯಿಂದ ಚಹಾನೂ ಗ್ಯಾರೇಜಲ್ಲೇ ಕುಡೀರಿ!" ಎಂದು ಬೈದರು. ಬೈಯುತ್ತಲೇ ಪಾತ್ರೆಗೆ ಬಗ್ಗಿದ್ದವರಿಗೇ ಮೊದಲು ಕಂಡಿದ್ದು. "ರೀ, ಇದು ಬಾಯಿ ಬಿಡ್ತು!" ಹದಿನಾಲ್ಕರಲ್ಲಿ ಮೂರು ಬದುಕಿದ್ದವು.

ಈಗ, ಏಳು ಗಂಟೆಗೆ, ಆ ಮೂರರಲ್ಲಿ ಒಂದು ತನ್ನ ಜಾಗದಲ್ಲಿ ಕೂತಿದೆ. ಶಮಾಲ್‌ಗೆ ಹೊಸ ಭಯ.

"ವಸ್ತಾ, ಘಾಟಿ ಏರುವಾಗ ಎಂಜಿನ್ ಕುದ್ದುಬಿಟ್ರೆ? ಅಲ್ಲಿ ಅವಳೊಬ್ಬಳೇ ಇದಾಳೆ."

"ಕುದ್ದರೆ ಆ ನೀರು ತಂದು ನನ್ನ ತಲೆ ಮೇಲೆ ಸುರಿ. ಹೊರಗೆ ಮೈನಸ್ ಹದಿನಾರು ಕಣೋ, ಇದು ಹೆವ್ಲೇರ್ ಅಲ್ಲ. ಗಾಡಿ ಹತ್ತು."

ಎಂಜಿನ್ ಕೆಮ್ಮಿ ಎದ್ದು ನಿಲ್ಲುತ್ತದೆ. ಹತ್ತು ನಿಮಿಷ ಎಲ್ಲರ ಕಣ್ಣು ನೀರಿನ ಬಿಸಿ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ನಲವತ್ತು ದಾಟುತ್ತದೆ, ಅರವತ್ತು ದಾಟುತ್ತದೆ, ಎಂಬತ್ತೆರಡಕ್ಕೆ ನಿಲ್ಲುತ್ತದೆ. ಹಮದಮೀನ್ ಸ್ವಿಚ್ ಒತ್ತುತ್ತಾರೆ. ಪೂರ ಕೈಗವಸು ಕಳಚಿ ಗಾಳಿಗೆ ಅಂಗೈ ಒಡ್ಡುತ್ತಾರೆ, ತುಂಬಾ ಹೊತ್ತು ಹಾಗೇ ಇಟ್ಟಿರುತ್ತಾರೆ. ಕಣ್ಣು ತುಂಬಿಬಂದಿದೆ, ಒರೆಸಿಕೊಳ್ಳುವುದಿಲ್ಲ. "ಹೋಗೋಣ ನಡಿ ಶಮಾಲ್. ಸುಮ್ನೆ ಹೊತ್ತು ಕಳೀಬೇಡ," ಎಂದು ಗದರಿಸುತ್ತಾರೆ, ತಡ ಮಾಡಿದ್ದು ಅವನೇ ಎಂಬಂತೆ.

ಕ್ಯಾಬಿನ್ನಿನಲ್ಲಿ ಮೂರೇ ಸೀಟು. ವಾಪಸು ಬರುವಾಗ ಮೂರನೆಯದು ಶೀಲಾನ್‌ಗೆ ಬೇಕು. ವಸ್ತಾ ಉಳಿದರು. ಹತ್ತೂವರೆಗೆ ಘಾಟಿಯ ತುದಿಯಿಂದ ಶಮಾಲ್‌ನ ಫೋನು: "ಕುದೀಲಿಲ್ಲ ವಸ್ತಾ!" ಅಷ್ಟೇ, ಸಿಗ್ನಲ್ ಹೋಯಿತು. ಆಮೇಲೆ ಐದು ಗಂಟೆ ಕಾಲ ಸುದ್ದಿಯಿಲ್ಲ. ಒಂದು ಪಿಕಪ್ಪಿನ ಕ್ಲಚ್ಚನ್ನು ಬಿಚ್ಚಿದ ಹಮದಮೀನ್ ಅದನ್ನು ತಪ್ಪಾಗಿ ಕೂರಿಸಿ ಮತ್ತೆ ಬಿಚ್ಚುತ್ತಾರೆ. ಚಹಾದಂಗಡಿಯವನು ಕೇಳದೆಯೇ ಮೂರು ಸಲ ಚಹಾ ತಂದಿಟ್ಟು ಹೋಗುತ್ತಾನೆ.

ಮೂರೂವರೆಗೆ ತಿರುವಿನಲ್ಲಿ ಟ್ರಕ್ಕಿನ ಮೂತಿ ಕಾಣುತ್ತದೆ. ಹಮದಮೀನ್ ಓಡಿ ರಸ್ತೆಗೆ ಬರುತ್ತಾರೆ, ನೋಡಿದವರೇ ಜೋಲು ಮುಖ ಹಾಕುತ್ತಾರೆ. ಎರಡೂ ಬದಿಯ ಕಿಟಕಿ ಇಳಿದಿದೆ. ಗಾಜಿಗೆ ಒಳಗಿನಿಂದ ಹಿಮ ಕಟ್ಟಿ ದಾರಿ ಕಾಣದಾದಾಗ ಇಲ್ಲಿನ ಡ್ರೈವರುಗಳು ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿಯೇ ಓಡಿಸುವುದು. "ಹೋಯ್ತು, ಹೀಟರ್ ಆರಿಹೋಗಿದೆ," ಎಂದು ಗೊಣಗುತ್ತಾರೆ.

ಟ್ರಕ್ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಮುಂದಿನ ಗಾಜು ತೊಳೆದಿಟ್ಟಷ್ಟು ತಿಳಿ. ಕಿಟಕಿಯಿಂದ ಪೂರ ಫಹೀಮ ತಲೆ ಹಾಕುತ್ತಾರೆ. ಕೋಟಿಲ್ಲ, ತೋಳು ಮೊಣಕೈವರೆಗೆ ಮಡಿಸಿದೆ, ಮುಖ ಕೆಂಪಗೆ, ಹಣೆಯ ಮೇಲೆ ಬೆವರ ಸಾಲು.

"ಇದೇನು ಹೀಟರೋ ರೊಟ್ಟಿ ಸುಡೋ ತಂದೂರೋ? ಕಡಿಮೆ ಮಾಡೋದು ಎಲ್ಲಿ ಅಂತ ಮೂರು ತಾಸಿನಿಂದ ಹುಡುಕ್ತಿದೀನಿ! ಬಿಸಿನೀರು ತಡೆಯೋಕೆ ಒಂದು ನಲ್ಲಿ ಇಡೋಕೆ ಬರಲ್ವಾ ನಿನಗೆ? ಎರಡನೇ ತಿರುವಲ್ಲಿ ಹೆರಿಗೆ ಮಾಡಿಸಿದೀನಿ, ಬೆವರು ಸುರಿಸ್ಕೊಂಡು, ಜನವರೀಲಿ!"

ಅವರ ಹಿಂದೆ ಶೀಲಾನ್ ಒರಗಿ ಕೂತಿದ್ದಾಳೆ, ಸುಸ್ತಾಗಿ ನಗುತ್ತಿದ್ದಾಳೆ. ಎದೆಯ ಮೇಲೆ ತೆಳ್ಳನೆಯ ಒಂದೇ ಬಟ್ಟೆಯಲ್ಲಿ ಹೆಣ್ಣುಕೂಸು, ದಾಳಿಂಬೆಯಷ್ಟು ಕೆಂಪಗೆ. ಪೂರ ಅವರ ಕಿರುಚಾಟಕ್ಕೆ ಗ್ಯಾರೇಜು ಸಾಲೆಲ್ಲ ಹೊರಗೆ ಬಂದಿದೆ. ಶಮಾಲ್ ಹಾರ್ನ್ ಒತ್ತುತ್ತಾನೆ, ಆಸ್ಪತ್ರೆಯ ಗೇಟಿನ ತನಕ ಒತ್ತುತ್ತಲೇ ಹೋಗುತ್ತಾನೆ.

ಹಮದಮೀನ್ ರಸ್ತೆಯ ನಡುವೆಯೇ ನಿಂತಿದ್ದಾರೆ. ಮುಂದೇನು ಆಸೆ ಅಂತ ಕೇಳಿದರೆ ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ.

"ಈ ಕಣಿವೇಲಿ ಇಂಥವು ಇನ್ನೂ ಹನ್ನೊಂದು ಟ್ರಕ್ ಇವೆ. ಹನ್ನೊಂದರ ಕಿಟಕಿಯಿಂದಲೂ ನನಗೆ ಹೀಗೇ ಬೈಗುಳ ಬೀಳಬೇಕು."