ಯಾರಿಂದ ಅಪಾಯ?

ನಮ್ಮ ತಾತ ಮಾಗಡಿ ಕಡೆಯ ಹೊಲ ಮಾರಿ ಚಾಮರಾಜಪೇಟೆಗೆ ಬಂದಾಗ ನೇಗಿಲನ್ನೂ ಬಿಟ್ಟು ಬಂದರು, ಕೋವಿಯನ್ನು ಮಾತ್ರ ಬಿಡಲಿಲ್ಲ. ಕಾಡುಹಂದಿಗಳಿಂದ ರಾಗಿ ಕಾಯಲೆಂದು ಸರ್ಕಾರ ಲೈಸೆನ್ಸು ಕೊಟ್ಟಿದ್ದ ಒಂಟಿ ನಳಿಗೆಯದು. ಇಲ್ಲಿ ಅದಕ್ಕಿದ್ದ ಕೆಲಸವೆಂದರೆ ಆಯುಧಪೂಜೆಗೆ ಕುಂಕುಮ ಇಡಿಸಿಕೊಳ್ಳುವುದು, ಚುನಾವಣೆ ಬಂದರೆ ಠಾಣೆಗೆ ಹೋಗಿ ಕೂರುವುದು. ಜಮಖಾನೆಯಲ್ಲಿ ಸುತ್ತಿ ಒಪ್ಪಿಸಿ ಬಂದ ಮೇಲೆ, ಅದು ವಾಪಸ್ಸು ಬರುವವರೆಗೆ ತಾತನಿಗೆ ಅನ್ನ ಸೇರುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಒಮ್ಮೆ ಲೈಸೆನ್ಸು ನವೀಕರಣಕ್ಕೆಂದು ಹೋದೆವು. ಇನ್ಸ್‌ಪೆಕ್ಟರು ಕಾಗದ ನೋಡಿ ನಕ್ಕುಬಿಟ್ಟರು.

"ಯಜಮಾನ್ರೇ, ಬೆಳೆ ರಕ್ಷಣೆಗೆ ಅಂತಿದೆ. ಚಾಮರಾಜಪೇಟೇಲಿ ಏನ್ ಬೆಳೀತೀರಾ?"

"ಹಿತ್ತಲಲ್ಲಿ ಕರಿಬೇವಿದೆ ಸ್ವಾಮಿ."

"ಅದನ್ ತಿನ್ನೋಕೆ ಹಂದಿ ಬರುತ್ತಾ?"

ತಾತ ಸೋಲಲಿಲ್ಲ. "ಆತ್ಮರಕ್ಷಣೆಗೆ ಅಂತ ಮಾಡ್ಕೊಡಿ. ಮೊನ್ನೆ ಮಾರ್ಕೆಟ್ ಹತ್ರ ಸರ ಕಿತ್ಕೊಂಡು ಓಡಿದಾರೆ. ನಾನಿದ್ದಿದ್ರೆ..."

"ಓಡ್ತಿರೋನ ಬೆನ್ನಿಗೆ ಹೊಡೆದ್ರೆ ಒಳಗೆ ಹೋಗೋರು ನೀವು. ನಿಮ್ಮ ಪ್ರಾಣಕ್ಕೇ ಬಂದ್ರೆ ಮಾತು ಬೇರೆ. ಸರಿ, ನಿಮಗೆ ಯಾರಿಂದ ಅಪಾಯ? ಹೆಸರು ಬರ್ಕೊಂಡ್ ಬನ್ನಿ. ಇಲ್ಲಾಂದ್ರೆ ಕೋವಿ ಒಪ್ಪಿಸ್ಬಿಡಿ."

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಅರ್ಜಿ ಹಿಡಿದು ಕುಳಿತೆವು. ನಾನಾಗ ಕಾಲೇಜಿನಲ್ಲಿದ್ದೆ, ಅಕ್ಷರ ದುಂಡಗಿತ್ತು.

"ಎದುರು ಮನೆ ಮೇಷ್ಟ್ರ ಹೆಸರು ಬರಿ. ನಲ್ಲಿ ನೀರಿಗೆ ಜಗಳ ಆದ್ಮೇಲೆ ಮಾತೇ ಇಲ್ಲ." ಎರಡಕ್ಷರ ಬರೆಯುವಷ್ಟರಲ್ಲಿ ನನ್ನ ಕೈ ಹಿಡಿದರು. "ತಡಿ. ನಿಮ್ಮಜ್ಜಿಗೆ ಜ್ವರ ಬಂದಾಗ ಆಟೋ ತಂದೋನು ಅವನೇ. ಹೊಡೆದ್ಹಾಕು."

ಊರಿನ ದಾಯಾದಿ ನೆನಪಾದ. ಅವನು ಸತ್ತು ಎರಡು ವರ್ಷವಾಗಿತ್ತು.

ಒಳಗಿನಿಂದ ಅಜ್ಜಿ ಕೂಗಿದರು: "ನನ್ನ ಹೆಸ್ರೇ ಬರೀರಿ! ಜೀವ ತಿಂತೀಯ ಅಂತ ದಿನಾ ಅಂತೀರಲ್ಲ."

"ನಿನ್ನ ಮುಂದೆ ಕೋವಿ ನಡೆಯಲ್ಲ ಕಣೇ!"

ಅಜ್ಜಿ ನಕ್ಕರು, ನಾನೂ ನಕ್ಕೆ. ತಾತ ನಗಲಿಲ್ಲ. ಬಿಸಿಲು ಜಗಲಿಗೆ ಏರಿದರೂ ಬರೆಸಲು ಒಂದು ಹೆಸರು ಅವರಿಗೆ ಸಿಗಲಿಲ್ಲ. ಸುಳ್ಳು ಬರೆಸಬಹುದಿತ್ತು. ಆದರೆ ಯಾರ ಮೇಲೆ ಬರೆಸುವುದು?

ಸಂಜೆ ಠಾಣೆಯಲ್ಲಿ ತಾತ ಕೋವಿಯನ್ನು ಮೇಜಿನ ಮೇಲಿಟ್ಟು, ತಪ್ಪು ಮಾಡಿದವರಂತೆ ಮೆಲ್ಲಗೆ ಹೇಳಿದರು: "ಯಾರೂ ಸಿಗಲಿಲ್ಲ ಸ್ವಾಮಿ."

ಇನ್ಸ್‌ಪೆಕ್ಟರು ಈ ಸಲ ನಗದೆ ಕುರ್ಚಿ ಎಳೆದು ಕೊಟ್ಟು, ರಸೀದಿ ಬರೆದರು. ತಾತ ಸಹಿ ಹಾಕಿ ಎದ್ದವರು ಮೇಜಿಗೆ ಕೈಯೂರಿ ನಿಂತೇ ಇದ್ದರು.

"ತಿಂಗಳಿಗೊಂದ್ಸಲ ಹೊಲಿಗೆ ಮಿಷನ್ ಎಣ್ಣೆ ಹಚ್ಚಿಸಿ. ಮಳೆಗಾಲದಲ್ಲಿ ಎರಡು ಸಲ."

ಇನ್ಸ್‌ಪೆಕ್ಟರು ಪೆನ್ನು ತೆಗೆದು, ರಿಜಿಸ್ಟರಿನ ಅಂಚಿನಲ್ಲಿ ಅದನ್ನೂ ಬರೆದುಕೊಂಡರು.