ಏನಾದ್ರೂ ಆದ್ರೆ ಯಾರಿಗೆ ಫೋನ್?

ಬೆಲ್ಜಿಯಂಗೆ ಹೋದರೆ ಯಾವ ಊರಲ್ಲಿ ಯಾವ ಬಿಯರ್ ಕುಡಿಯೋದು ಅಂತ ತಿಂಗಳುಗಟ್ಟಲೆ ಕೂತು ಪಟ್ಟಿ ಮಾಡಿದ್ದೆ. ಸಿಕ್ಕಿಹಾಕಿಕೊಂಡಿದ್ದು ಟ್ರಾವೆಲ್ ಇನ್ಶೂರೆನ್ಸ್ ಫಾರ್ಮಿನಲ್ಲಿ. ಎಮರ್ಜೆನ್ಸಿ ಆದರೆ ಆಸ್ಟ್ರೇಲಿಯಾದಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿದ್ದರು. ಅಡಿಲೇಡಿಗೆ ಬಂದು ಆರು ವರ್ಷವಾದರೂ ಬರೆಯೋಕೆ ಒಂದು ಹೆಸರೂ ಹೊಳೆಯಲಿಲ್ಲ.

ಇಲ್ಲಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಾನು ಅಕ್ಕಿ ತರೋ ಅಂಗಡಿಯ ಅಂಕಲ್ ಮೈಸೂರಿನವರು. ಅಳುಕುತ್ತಲೇ ಕೇಳಿದೆ, “ಅಂಕಲ್, ನಿಮ್ಮ ನಂಬರ್ ಹಾಕ್ಲಾ?”

ಅವರು ಕೊತ್ತಂಬರಿ ಸೊಪ್ಪು ಕಟ್ಟುತ್ತಾ, “ಹಾಕ್ಕೊಳ್ಳಪ್ಪಾ, ಅದಕ್ಕೇನಂತೆ. ಈಗಾಗ್ಲೇ ಮೂರು ಜನ ಹಾಕ್ಕೊಂಡಿದಾರೆ, ನೀನು ನಾಲ್ಕನೆಯವನು,” ಅಂದರು.

ಆ ಮೂವರು ಯಾರು ಅಂತ ಕೇಳೋಕೆ ನಾಚಿಕೆಯಾಗಿ, ಅಕ್ಕಿ ಹೊತ್ತುಕೊಂಡು ಬಂದುಬಿಟ್ಟೆ. ಕೇಳಿದ್ದರೆ ಅವರೂ ಜೊತೆಗೆ ಬಂದು, ಬೆಲ್ಜಿಯಂನಲ್ಲಿ ಒಂದರ ಬದಲು ನಾಲ್ಕು ಬಿಯರ್ ಹೇಳಬಹುದಿತ್ತೇನೋ.